ಆರ್ಕ್ಟಿಕ್ ಕಡಲುಗಳಲ್ಲಿ ಅನ್ವೇಷಣಾ ನೌಕಾಪ್ರವಾಸ

ಉತ್ತರ ಧ್ರುವವೃತ್ತದ ಆಚೆಗೆ ಬಂದರು, ದೀಪಸ್ತಂಭ, ನಿತ್ಯದ ಹಡಗು ಸಂಚಾರ ಇವು ವಿರಳವಾದ ಕಡಲುಗಳಿವೆ. ಮಂಜುಗಡ್ಡೆಯನ್ನು ತಾಳಿಕೊಳ್ಳುವಂತೆ ಕಟ್ಟಿದ ಸಣ್ಣ ಪ್ರಯಾಣಿಕ ಹಡಗುಗಳು ಬೇಸಿಗೆಯಲ್ಲಿ ಅಲ್ಲಿ ಕೈಗೊಳ್ಳುವ ಯಾನವನ್ನು ಅನ್ವೇಷಣಾ ನೌಕಾಪ್ರವಾಸ ಅಥವಾ ಎಕ್ಸ್‌ಪೆಡಿಷನ್ ಕ್ರೂಸ್ ಎನ್ನುತ್ತಾರೆ. ಸಾಮಾನ್ಯ ವಿಹಾರನೌಕೆಯಲ್ಲಿ ಈಜುಕೊಳ, ರಂಗಮಂದಿರ, ಅಂಗಡಿಗಳಿಂದ ತುಂಬಿದ ಹಡಗೇ ಪ್ರವಾಸದ ಮುಖ್ಯ ಆಕರ್ಷಣೆ. ಅನ್ವೇಷಣಾ ನೌಕೆ ಬರಿಯ ವಾಹನ ಮತ್ತು ವಸತಿ. ನೋಡಬೇಕಾದದ್ದು ಹೊರಗಿರುತ್ತದೆ, ಅಲ್ಲಿಗೆ ರಬ್ಬರ್ ದೋಣಿಗಳಲ್ಲಿ ಹೋಗಬೇಕು. ಇಂಥ ಹಡಗುಗಳಲ್ಲಿ ಹೆಚ್ಚಿನವು ಇನ್ನೂರರ ಒಳಗಿನ ಪ್ರಯಾಣಿಕರನ್ನು ಒಯ್ಯುತ್ತವೆ. ಹನ್ನೆರಡೇ ಜನರ ಹಡಗುಗಳೂ ಐನೂರು ಜನರವೂ ಇವೆ. ಒಂದು ಬಾರಿಗೆ ಎಷ್ಟು ಜನ ದಡಕ್ಕಿಳಿಯಬಹುದು, ಮುನ್ನೂರು ಜನರ ಊರಿಗೆ ಎಷ್ಟು ಅತಿಥಿಗಳು ಬಂದರೆ ಹೊರೆಯಾಗದು, ಹಡಗು ಮುಳುಗಿದರೆ ಯಾರು ಬಂದು ಎಷ್ಟು ಜನರನ್ನು ಎತ್ತಿಕೊಂಡಾರು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಹಡಗಿನ ಗಾತ್ರಕ್ಕೇ ಬಂದು ನಿಲ್ಲುತ್ತವೆ.

ಪ್ರವಾಸದ ಋತು ಚಿಕ್ಕದು. ಆರ್ಕ್ಟಿಕ್ ಸಾಗರದ ಮಂಜುಗಡ್ಡೆ ಮಾರ್ಚ್ ತಿಂಗಳಲ್ಲಿ ಅತಿ ಹೆಚ್ಚು ವಿಸ್ತಾರಕ್ಕೆ ಹರಡಿ, ಸೆಪ್ಟೆಂಬರ್ ಹೊತ್ತಿಗೆ ಅತಿ ಕಡಿಮೆಗೆ ಇಳಿಯುತ್ತದೆ. ಆದ್ದರಿಂದ ಹೆಚ್ಚಿನ ಯಾನಗಳು ಜೂನ್‌ನಿಂದ ಸೆಪ್ಟೆಂಬರ್ ನಡುವೆ ನಡೆಯುತ್ತವೆ. ಈ ಅವಧಿಯ ಬಹುಪಾಲು ಉನ್ನತ ಅಕ್ಷಾಂಶಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಸ್ವಾಲ್ಬಾರ್ಡಿನ ಲಾಂಗ್‌ಯಿಯರ್‌ಬ್ಯೆನ್ ಪಟ್ಟಣದಲ್ಲಿ ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ ಮೂರನೆಯ ವಾರದವರೆಗೆ ಹಗಲೇ ಹಗಲು. ದಡಕ್ಕಿಳಿಯಲು ನಡುರಾತ್ರಿಯಾದರೂ ಅಡ್ಡಿಯಿಲ್ಲ. ಗಾಳಿ ಇಳಿದಾಗ, ಮಂಜು ಸರಿದಾಗ ಇಳಿಯಬೇಕು.

ಸಂಚಾರದ ಪ್ರದೇಶಗಳಲ್ಲಿ ಹೆಚ್ಚು ಹಡಗುಗಳನ್ನು ಕಾಣುವುದು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹ. 74ರಿಂದ 81 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹಬ್ಬಿದ್ದರೂ, ಅಟ್ಲಾಂಟಿಕ್‌ನಿಂದ ಬರುವ ಬೆಚ್ಚನೆಯ ಪ್ರವಾಹ ಪಶ್ಚಿಮ ತೀರವನ್ನು ಬೇಗನೆ ಮಂಜುಗಡ್ಡೆಯಿಂದ ಬಿಡಿಸುವುದರಿಂದ, ಇಷ್ಟು ಉತ್ತರಕ್ಕೆ ಇಷ್ಟು ಸುಲಭವಾಗಿ ತಲುಪಬಹುದಾದ ಜಾಗ ಇನ್ನೊಂದಿಲ್ಲ. ನೆಲದ ಅರ್ಧಕ್ಕೂ ಹೆಚ್ಚು ಭಾಗ ಹಿಮನದಿಗಳಡಿ ಇದೆ. ಪೂರ್ವದ ನೂರ್‌ಆಸ್ಟ್‌ಲಾಂಡೆಟ್ ದ್ವೀಪದ ಆಸ್ಟ್‌ಫೊನ್ನಾ ಹಿಮಹೊದಿಕೆ 150 ಕಿ.ಮೀ.ಗೂ ಹೆಚ್ಚು ಉದ್ದದ ಗೋಡೆಯಾಗಿ ಕಡಲಲ್ಲಿ ಕೊನೆಗೊಳ್ಳುತ್ತದೆ. ಬೇಸಿಗೆಯಲ್ಲಿ ಅದರ ಅಂಚಿನಿಂದ ಕರಗಿದ ನೀರು ಜಲಪಾತಗಳಾಗಿ ಸಮುದ್ರಕ್ಕೆ ಸುರಿಯುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ಎರಡು ಬಗೆಯ ಯಾನಗಳಿವೆ. ಪಶ್ಚಿಮ ತೀರದಲ್ಲಿ ಊರುಗಳೂ, ಯುನೆಸ್ಕೋ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಇಲುಲಿಸ್ಸಾಟ್ ಹಿಮಕಣಿವೆಯೂ ಇವೆ. ಪೂರ್ವ ತೀರ ಬಹುಮಟ್ಟಿಗೆ ನಿರ್ಜನ. ಅಲ್ಲಿನ ಸ್ಕೋರ್ಸ್‌ಬಿಸುಂಡ್ ಜಗತ್ತಿನ ಅತಿ ದೊಡ್ಡ ಫಿಯೋರ್ಡ್ (ಕಡಲು ಒಳಚಾಚಿದ ಕಡಿದಾದ ಕಣಿವೆ) ಜಾಲ. ಅದರ ಉತ್ತರಕ್ಕೆ 1974ರಲ್ಲಿ ಸ್ಥಾಪಿತವಾದ ಈಶಾನ್ಯ ಗ್ರೀನ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನವು 9 ಲಕ್ಷ ಚದರ ಕಿ.ಮೀ. ದಾಟುತ್ತದೆ. ಮೂರನೆಯದು ಕೆನಡಾದ ದ್ವೀಪಸ್ತೋಮ ಮತ್ತು ಅದರ ನಡುವಿನ ವಾಯವ್ಯ ಮಾರ್ಗ. ರಷ್ಯಾದ ಫ್ರಾಂಜ್ ಜೋಸೆಫ್ ಲ್ಯಾಂಡ್ ಮತ್ತು ರಾಂಗೆಲ್ ದ್ವೀಪಗಳಿಗೆ ಹೋಗುತ್ತಿದ್ದ ಪಾಶ್ಚಾತ್ಯ ಸಂಸ್ಥೆಗಳ ಯಾನಗಳು 2022ರ ಉಕ್ರೇನ್ ಯುದ್ಧದ ನಂತರ ನಿಂತವು.

ಈ ಪ್ರವಾಸೋದ್ಯಮ ತೋರುವಷ್ಟು ಹೊಸದಲ್ಲ. ನಾರ್ವೆಯ ಕರಾವಳಿ ಅಂಚೆ ಹಡಗು ಸೇವೆಯನ್ನು 1893ರಲ್ಲಿ ಆರಂಭಿಸಿದ ರಿಚರ್ಡ್ ವಿತ್, 1896ರಲ್ಲಿಯೇ ಸ್ವಾಲ್ಬಾರ್ಡಿನ ಸ್ಪಿಟ್ಸ್‌ಬರ್ಗೆನ್ ದ್ವೀಪಕ್ಕೆ ಬೇಸಿಗೆಯ ಪ್ರವಾಸಿ ಹಡಗನ್ನು ಓಡಿಸಿದ. ಅಡ್ವೆಂಟ್ ಫಿಯೋರ್ಡಿನ ದಡದಲ್ಲಿ ಪ್ರವಾಸಿಗರಿಗೆಂದು ಸಣ್ಣ ಹೋಟೆಲೂ ಎದ್ದಿತು. ಅದು ಬಾಳಲಿಲ್ಲ, ಜಾಗಕ್ಕೆ ಮಾತ್ರ ಹೋಟೆಲ್‌ನೆಸ್ಸೆಟ್ ಎಂಬ ಹೆಸರು ಉಳಿದು, ಇಂದು ಅಲ್ಲಿ ವಿಮಾನ ನಿಲ್ದಾಣವಿದೆ. ಈಗಿನ ಸ್ವರೂಪದ ಯಾನಕ್ಕೆ ತಳಪಾಯ ಹಾಕಿದವನು ಸ್ವೀಡಿಷ್-ಅಮೆರಿಕನ್ ಉದ್ಯಮಿ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್. 1966ರಲ್ಲಿ ಅಂಟಾರ್ಕ್ಟಿಕಾಕ್ಕೆ ಪ್ರವಾಸಿಗರನ್ನು ಕರೆದೊಯ್ದ ಆತ, 1969ರಲ್ಲಿ ಫಿನ್ಲೆಂಡಿನಲ್ಲಿ 'ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್' ಎಂಬ, ಸುಮಾರು ನೂರು ಜನರನ್ನು ಒಯ್ಯುವ ಹಡಗನ್ನು ಇದಕ್ಕೆಂದೇ ಕಟ್ಟಿಸಿದ. ಹಡಗಿನಲ್ಲಿ ಜೀವವಿಜ್ಞಾನಿಗಳು, ಭೂವಿಜ್ಞಾನಿಗಳು, ಇತಿಹಾಸಕಾರರು, ಸಂಜೆ ಉಪನ್ಯಾಸ, ಹಗಲು ರಬ್ಬರ್ ದೋಣಿಯಲ್ಲಿ ತೀರಯಾನ. ಆತ ರೂಢಿಸಿದ ಈ ಕ್ರಮವನ್ನೇ ಇಂದಿನ ಸಂಸ್ಥೆಗಳೆಲ್ಲ ಹೆಚ್ಚುಕಡಿಮೆ ಪಾಲಿಸುತ್ತವೆ. ವಾಯವ್ಯ ಮಾರ್ಗವನ್ನು ದಾಟಿದ ಮೊದಲ ಪ್ರಯಾಣಿಕ ಹಡಗು ಕೂಡ ಇದೇ, 1984ರಲ್ಲಿ.

ವಾಯವ್ಯ ಮಾರ್ಗವೆಂದರೆ ಒಂದೇ ಕಾಲುವೆಯಲ್ಲ. ಬಾಫಿನ್ ಕೊಲ್ಲಿಯಿಂದ ಬ್ಯೂಫೋರ್ಟ್ ಸಮುದ್ರದವರೆಗೆ ಸುಮಾರು 1,450 ಕಿ.ಮೀ. ದೂರಕ್ಕೆ ದ್ವೀಪಗಳ ನಡುವೆ ಕವಲೊಡೆಯುವ ಜಲಸಂಧಿಗಳ ಗೊಂಚಲು ಅದು. ಯಾವ ವರ್ಷ ಯಾವ ಕವಲು ತೆರೆದಿರುತ್ತದೆ ಎಂಬುದು ಆಯಾ ವರ್ಷದ ಮಂಜುಗಡ್ಡೆಗೆ ಬಿಟ್ಟದ್ದು. 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ 'ಎರೆಬಸ್' ಮತ್ತು 'ಟೆರರ್' ಹಡಗುಗಳಲ್ಲಿ ಬ್ರಿಟನ್ನಿನಿಂದ ಹೊರಟ. ಕಣ್ಮರೆಯಾದ 129 ಜನರಲ್ಲಿ ಒಬ್ಬನೂ ಮರಳಲಿಲ್ಲ. ಆತ ಕಿಂಗ್ ವಿಲಿಯಂ ದ್ವೀಪದ ಪಶ್ಚಿಮಕ್ಕೆ, ಆರ್ಕ್ಟಿಕ್ ಸಾಗರದಿಂದ ಹಳೆಯ ದಪ್ಪ ಮಂಜುಗಡ್ಡೆ ಇಳಿದುಬಂದು ಒತ್ತುವ ವಿಕ್ಟೋರಿಯಾ ಜಲಸಂಧಿಯ ಕಡೆಗೆ ತಿರುಗಿದ; 1846ರ ಸೆಪ್ಟೆಂಬರಿನಲ್ಲಿ ಹಡಗುಗಳು ಸಿಕ್ಕಿಕೊಂಡವು. ಅದೇ ದ್ವೀಪದ ಪೂರ್ವಕ್ಕೆ ಕಡಲು ಹೆಚ್ಚು ಸುರಕ್ಷಿತವಾಗಿದೆ ಎಂಬುದು ಅನ್ವೇಷಕ ಜಾನ್ ರೇ 1854ರಲ್ಲಿ ಅಲ್ಲಿನ ಜಲಸಂಧಿಯನ್ನು ಕಂಡ ಮೇಲೆ ತಿಳಿಯಿತು. ರೋಆಲ್ಡ್ ಅಮುಂಡ್‌ಸೆನ್ ಆ ಪೂರ್ವದ ದಾರಿಯನ್ನೇ ಹಿಡಿದ. ಮೀನುಗಾರಿಕೆಯ ಹಳೆಯ ದೋಣಿ 'ಯೋವಾ'ದಲ್ಲಿ, ತಾನೂ ಸೇರಿ ಏಳೇ ಜನರೊಂದಿಗೆ, 1903ರಿಂದ 1906ರವರೆಗೆ ಮೂರು ಚಳಿಗಾಲ ಕಳೆದು ಆತ ಮಾರ್ಗವನ್ನು ಮೊದಲ ಬಾರಿಗೆ ದಾಟಿದ. ನೌಕಾಪಡೆಯ ಭಾರಿ ಹಡಗುಗಳು ಸೋತಲ್ಲಿ ಆಳ ಕಡಿಮೆ ಬೇಡುವ ಪುಟ್ಟ ದೋಣಿ ಗೆದ್ದಿತು. ಆತ ಎರಡು ಚಳಿಗಾಲ ತಂಗಿದ ಯೋವಾ ಹೇವನ್ ಈಗ ಇನ್ಯೂಯಿಟ್ ಜನರ ಊರು, ಅನೇಕ ಯಾನಗಳ ನಿಲುಗಡೆ. ಬೀಚಿ ದ್ವೀಪದಲ್ಲಿ ಫ್ರಾಂಕ್ಲಿನ್ ತಂಡದ ಮೂವರ ಸಮಾಧಿಗಳಿವೆ. ಮಾರ್ಗದಲ್ಲಿ ಸಾಗುವ ಹಡಗುಗಳು ಸಾಮಾನ್ಯವಾಗಿ ಅಲ್ಲಿ ಪ್ರವಾಸಿಗರನ್ನು ಇಳಿಸುತ್ತವೆ. 'ಎರೆಬಸ್' 2014ರಲ್ಲಿ, 'ಟೆರರ್' 2016ರಲ್ಲಿ ಕಡಲ ತಳದಲ್ಲಿ ಪತ್ತೆಯಾದವು. ಹಡಗುಗಳು ಎಲ್ಲಿ ಮುಳುಗಿದವೆಂದು ಇನ್ಯೂಯಿಟ್ ಹಿರಿಯರು ತಲೆಮಾರುಗಳಿಂದ ಹೇಳುತ್ತ ಬಂದ ಮಾತಿಗೆ ಹೊರಗಿನವರು ಬಹುಕಾಲ ಕಿವಿಗೊಡಲಿಲ್ಲ; ಹುಡುಕಾಟದ ಕ್ಷೇತ್ರವನ್ನು ಕೊನೆಗೆ ಕಿರಿದುಗೊಳಿಸಿದ್ದರಲ್ಲಿ ಆ ಮಾತಿನ ಪಾಲು ದೊಡ್ಡದು.

ಉಪಗ್ರಹ ದಾಖಲೆ ಆರಂಭವಾದ 1979ರಿಂದ ಸೆಪ್ಟೆಂಬರಿನ ಮಂಜುಗಡ್ಡೆ ದಶಕಕ್ಕೆ ಸುಮಾರು ಶೇಕಡ 12ರಂತೆ ಕುಗ್ಗುತ್ತ ಬಂದಿದೆ. 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷ ಚದರ ಕಿ.ಮೀ.ಗೆ ಇಳಿದು ದಾಖಲೆಯಾಯಿತು. ಬಿಳಿಯ ಮಂಜುಗಡ್ಡೆ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ತೆರೆದ ಕಪ್ಪು ನೀರು ಅದನ್ನು ಹೀರುತ್ತದೆ. ಹೀಗಾಗಿ ಕರಗುವಿಕೆಯೇ ಮತ್ತಷ್ಟು ಕರಗುವಿಕೆಗೆ ಕಾರಣ. ಇದರಿಂದ ವಾಯವ್ಯ ಮಾರ್ಗ ಸಲೀಸಾಯಿತೆಂದು ತಿಳಿಯುವುದು ಸರಿಯಲ್ಲ. ಉತ್ತರದ ಅಂಚಿನಲ್ಲಿ ಕಟ್ಟಿಕೊಂಡಿರುತ್ತಿದ್ದ ಮಂಜುಗಡ್ಡೆ ಸಡಿಲವಾದಾಗ, ಹಲವು ವರ್ಷ ಗಟ್ಟಿಯಾದ ಹಳೆಯ ತುಂಡುಗಳು ದ್ವೀಪಗಳ ನಡುವಿನ ಕಾಲುವೆಗಳಿಗೆ ನುಗ್ಗಿ ಬರುತ್ತವೆ. 2018ರ ಬೇಸಿಗೆಯಲ್ಲಿ ಹೀಗೆಯೇ ಆಗಿ ಹಲವು ಹಡಗುಗಳು ಮಾರ್ಗ ಪೂರೈಸದೆ ಹಿಂದಿರುಗಿದವು.

ಹಡಗುಗಳ ಬಲವನ್ನು 'ಪೋಲಾರ್ ಕ್ಲಾಸ್' ಎಂಬ ಶ್ರೇಣಿಯಿಂದ ಅಳೆಯುತ್ತಾರೆ. ಒಂದನೆಯದು ಅತಿ ಗಟ್ಟಿ, ಏಳನೆಯದು ಬೇಸಿಗೆಯ ತೆಳು ಮಂಜುಗಡ್ಡೆಗೆ ಸಾಕಾಗುವಂಥದ್ದು. ಹೆಚ್ಚಿನ ಪ್ರವಾಸಿ ಹಡಗುಗಳು ಕೆಳಗಿನ ಶ್ರೇಣಿಗಳಲ್ಲಿವೆ: ತೇಲುವ ತುಂಡುಗಳ ನಡುವೆ ನಿಧಾನವಾಗಿ ದಾರಿ ಮಾಡಿಕೊಳ್ಳಬಲ್ಲವು, ಒಡೆದು ಮುನ್ನುಗ್ಗಲಾರವು. 2021ರಲ್ಲಿ ಸಂಚಾರಕ್ಕಿಳಿದ ಫ್ರೆಂಚ್ ಹಡಗು 'ಲ ಕಮಾಂಡಾಂ ಶಾರ್ಕೋ' ಎರಡನೆಯ ಶ್ರೇಣಿಯದು. ದ್ರವೀಕೃತ ಅನಿಲ ಮತ್ತು ಬ್ಯಾಟರಿಯಿಂದ ನಡೆಯುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉತ್ತರ ಧ್ರುವವನ್ನು ಮುಟ್ಟಿತು. ಅದಕ್ಕೂ ಮೊದಲು ಪ್ರವಾಸಿಗರನ್ನು ಧ್ರುವಕ್ಕೆ ಒಯ್ಯುತ್ತಿದ್ದವು ಸೋವಿಯತ್ ಮತ್ತು ನಂತರ ರಷ್ಯಾದ ಪರಮಾಣು ಶಕ್ತಿಯ ಹಿಮಭೇದಕ ಹಡಗುಗಳು. 1977ರಲ್ಲಿ 'ಆರ್ಕ್ಟಿಕಾ' ಧ್ರುವವನ್ನು ಮುಟ್ಟಿದ ಮೊದಲ ಮೇಲ್ಮೈ ಹಡಗಾಯಿತು. 1990ರಲ್ಲಿ 'ರೊಸ್ಸಿಯಾ' ಮೊದಲ ಬಾರಿಗೆ ಪ್ರವಾಸಿಗರನ್ನು ಅಲ್ಲಿಗೆ ಒಯ್ದಿತು.

ದಿಕ್ಕು ಕಂಡುಕೊಳ್ಳುವ ಕೆಲಸದಲ್ಲಿ ಬೇರೆಡೆ ನೆಚ್ಚುವ ಹಲವು ಸಾಧನಗಳು ಇಲ್ಲಿ ಅರ್ಧ ಕೈಕೊಡುತ್ತವೆ. ಭೂಕಾಂತ ಧ್ರುವ ಹತ್ತಿರವಿರುವುದರಿಂದ ಕಾಂತಸೂಚಿಯ ಮುಳ್ಳು ಕೆನಡಾದ ದ್ವೀಪಗಳ ನಡುವೆ ಮಂಕಾಗುತ್ತದೆ. ಧ್ರುವಕ್ಕೆ ಸಮೀಪಿಸಿದಂತೆ ಗೈರೋ ದಿಕ್ಸೂಚಿಯೂ ಬಲಹೀನ. ಸಮಭಾಜಕದ ಮೇಲೆ ನಿಂತ ಸಂಪರ್ಕ ಉಪಗ್ರಹಗಳು ಉನ್ನತ ಅಕ್ಷಾಂಶಗಳಿಂದ ದಿಗಂತದ ಅಂಚಿಗೆ ಇಳಿದು ಮರೆಯಾಗುತ್ತವೆ. ಧ್ರುವಗಳ ಮೇಲೆ ಹಾದುಹೋಗುವ ಇರಿಡಿಯಂನಂಥ ಉಪಗ್ರಹಜಾಲಗಳೇ ಗತಿ. ಇವಕ್ಕಿಂತ ದೊಡ್ಡ ಕೊರತೆ ನಕ್ಷೆಗಳದು. ಕೆನಡಾ ಮತ್ತು ಪೂರ್ವ ಗ್ರೀನ್‌ಲ್ಯಾಂಡಿನ ಕಡಲತಳದಲ್ಲಿ ಆಧುನಿಕ ವಿಧಾನದಿಂದ ಅಳತೆಯಾದದ್ದು ಅಲ್ಪಭಾಗ. ಉಳಿದೆಡೆ ಹಳೆಯ ಕಾಲದ ಬಿಡಿಬಿಡಿ ಆಳದ ಅಂಕಿಗಳು, ಅವುಗಳ ನಡುವೆ ಖಾಲಿ ಬಿಳಿ. ಬೆಲ್ಲಟ್ ಜಲಸಂಧಿಯಂಥ ಕಡೆ ಉಬ್ಬರವಿಳಿತದ ಸೆಳೆತ ಗಂಟೆಗೆ 8 ನಾಟಿಕಲ್ ಮೈಲಿಯವರೆಗೆ ಹೋಗುವುದರಿಂದ ಕಪ್ತಾನರು ಸೆಳೆತ ತಗ್ಗುವ ಹೊತ್ತನ್ನು ಕಾಯುತ್ತಾರೆ. ದಿನದಿನದ ನಿರ್ಧಾರಗಳಿಗೆ ನಾರ್ವೆ, ಡೆನ್ಮಾರ್ಕ್, ಕೆನಡಾಗಳ ಹಿಮಸೇವೆಗಳು ಉಪಗ್ರಹ ಚಿತ್ರಗಳಿಂದ ಬಣ್ಣ ಹಚ್ಚಿ ಹೊರಡಿಸುವ ನಕ್ಷೆಗಳು ಆಧಾರ.

ಪ್ರಯಾಣಿಕರ ದಿನ ಹೀಗೆ ಸಾಗುತ್ತದೆ. ತಂಡದ ನಾಯಕ ಹಿಂದಿನ ಸಂಜೆಯೇ ಮರುದಿನದ ಯೋಜನೆಯನ್ನೂ ಅದು ಕೆಟ್ಟರೆ ಇರುವ ಬದಲಿಯನ್ನೂ ಹೇಳಿರುತ್ತಾನೆ; ಬದಲಿಯೂ ಕೆಡುವುದು ಅಪರೂಪವಲ್ಲ. ಬೆಳಿಗ್ಗೆ ಶಸ್ತ್ರಸಜ್ಜಿತ ಮಾರ್ಗದರ್ಶಿಗಳು ಮೊದಲು ದಡಕ್ಕೆ ಹೋಗಿ, ಎತ್ತರದ ಜಾಗಗಳನ್ನು ಹಿಡಿದು, ದುರ್ಬೀನಿನಿಂದ ಸುತ್ತಲೂ ನೋಡಿ, ಹಿಮಕರಡಿ ಇಲ್ಲವೆಂದು ಖಚಿತವಾದ ಮೇಲೆ ಉಳಿದವರಿಗೆ ಅನುಮತಿ ಸಿಗುತ್ತದೆ. ಪ್ರಯಾಣಿಕರು ಮೊಣಕಾಲುದ್ದದ ರಬ್ಬರ್ ಬೂಟು, ಪದರ ಪದರವಾಗಿ ಬಟ್ಟೆ, ಮೇಲೆ ಜೀವರಕ್ಷಕ ಅಂಗಿ ತೊಟ್ಟು ಹತ್ತರ ಆಸುಪಾಸಿನ ಗುಂಪುಗಳಾಗಿ ಜೋಡಿಯಾಕ್ ಎಂಬ ಗಾಳಿ ತುಂಬಿದ ದೋಣಿಗಳಿಗೆ ಇಳಿಯುತ್ತಾರೆ. ಹಡಗಿನಿಂದ ಹೊರಟವರ ಮತ್ತು ಮರಳಿದವರ ಲೆಕ್ಕ ತಪ್ಪದಂತೆ ಪ್ರತಿಯೊಬ್ಬರ ಗುರುತು ದಾಖಲಾಗುತ್ತದೆ. ಬೇರೆಡೆಯ ಬೀಜ, ರೋಗಾಣುಗಳು ಹರಡದಿರಲೆಂದು ಬೂಟುಗಳನ್ನು ತೊಳೆಯುವುದು, ಬಟ್ಟೆಗಳ ಮಡಿಕೆ ಶುಚಿಗೊಳಿಸುವುದು ಕಡ್ಡಾಯ. ಕರಡಿ ಕಂಡರೆ ಇಳಿಯುವುದು ರದ್ದು; ಹಡಗಿನ ಮೇಲಿಂದ ನೋಡುವುದಷ್ಟೆ. ಈ ಎಚ್ಚರಿಕೆಯೂ ಕೆಲವೊಮ್ಮೆ ಸಾಲದು: 2018ರ ಜುಲೈನಲ್ಲಿ ಸ್ವಾಲ್ಬಾರ್ಡಿನ ಉತ್ತರ ತುದಿಯ ಸೆವೆನ್ ದ್ವೀಪಗಳಲ್ಲಿ, ಇಳಿಯುವ ಮುನ್ನ ಜಾಗ ಪರೀಕ್ಷಿಸುತ್ತಿದ್ದ ಕಾವಲುಗಾರನ ಮೇಲೆ ಕರಡಿಯೊಂದು ಎರಗಿ, ಅದನ್ನು ಗುಂಡಿಟ್ಟು ಕೊಲ್ಲಬೇಕಾಯಿತು.

ಸ್ವಾಲ್ಬಾರ್ಡಿನಲ್ಲಿ ಮನುಷ್ಯರಿಗಿಂತ ಕರಡಿಗಳೇ ಹೆಚ್ಚೆಂದು ಪ್ರಚಾರಪತ್ರಗಳು ಬರೆಯುವುದುಂಟು. ಆ ಲೆಕ್ಕ ಇಡೀ ಬಾರೆಂಟ್ಸ್ ಸಮುದ್ರ ಪ್ರದೇಶದ್ದು. ದ್ವೀಪಗಳಲ್ಲಿ ವರ್ಷವಿಡೀ ನೆಲೆಸಿದವು ಸುಮಾರು 300 ಮಾತ್ರ. ಕರಡಿಯ ಬೇಟೆಯನ್ನು ಅಲ್ಲಿ 1973ರಲ್ಲಿ ನಿಷೇಧಿಸಲಾಯಿತು. ದಂತಕ್ಕಾಗಿ ನಾಶದಂಚಿಗೆ ಹೋಗಿದ್ದ ವಾಲ್ರಸ್ 1952ರಿಂದ ರಕ್ಷಣೆ ಪಡೆದು ಈಗ ದಂಡೆಗಳಲ್ಲಿ ಗುಂಪುಗುಂಪಾಗಿ ಕಾಣುತ್ತದೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಸ್ಮೆರೆನ್‌ಬರ್ಗ್‌ನಲ್ಲಿ ಒಲೆ ಹೂಡಿ ಕೊಬ್ಬು ಕಾಯಿಸಿದ ಬೋಹೆಡ್ ತಿಮಿಂಗಿಲ ಮಾತ್ರ ಆ ಸಮುದ್ರದಲ್ಲಿ ಇಂದಿಗೂ ವಿರಳ. ಆಲ್ಕೆಫ್ಯೆಲ್ಲೆಟ್‌ನ ಕಡಿದಾದ ಬಂಡೆಗಳಲ್ಲಿ ಹತ್ತಾರು ಸಾವಿರ ಜೋಡಿ ಗಿಲೆಮಾಟ್ ಹಕ್ಕಿಗಳು ಗೂಡೇ ಕಟ್ಟದೆ ಬರಿಯ ಕಲ್ಲಿನ ಅಂಚಿನಲ್ಲಿ ಮೊಟ್ಟೆಯಿಡುತ್ತವೆ. ಬೆಲುಗಾ ಮತ್ತು ನೀಳ ದಂತದ ನಾರ್‌ವಾಲ್ ತಿಮಿಂಗಿಲಗಳಿಗೆ ಕೆನಡಾದ ಲ್ಯಾಂಕಾಸ್ಟರ್ ಸೌಂಡ್ ಹೆಸರಾದದ್ದು. ಹಡಗಿನ ಯಂತ್ರದ ಸದ್ದಿಗೆ ನಾರ್‌ವಾಲ್ ಬೇಗ ಬೆದರುವುದರಿಂದ ಅವುಗಳನ್ನು ಕಾಣುವ ಭರವಸೆಯನ್ನು ಅನುಭವಿ ಮಾರ್ಗದರ್ಶಿಗಳು ಕೊಡುವುದಿಲ್ಲ.

ಆರ್ಕ್ಟಿಕ್ ಅಂಟಾರ್ಕ್ಟಿಕಾದಂತಲ್ಲ, ಇಲ್ಲಿ ಜನರ ಊರುಗಳಿವೆ. 1999ರ ಏಪ್ರಿಲ್ 1ರಂದು ರೂಪುಗೊಂಡ ಕೆನಡಾದ ನುನಾವುಟ್ ಪ್ರಾಂತದಲ್ಲಿ ಬಹುಸಂಖ್ಯಾತರು ಇನ್ಯೂಯಿಟರು. ಪಾಂಡ್ ಇನ್ಲೆಟ್, ಕೇಂಬ್ರಿಜ್ ಬೇ, ಗ್ರೀನ್‌ಲ್ಯಾಂಡಿನ ಇತ್ತೊಕ್ಕೊರ್ತೂರ್ಮಿಟ್ ಮುಂತಾದ ಊರುಗಳಲ್ಲಿ ಹಡಗು ಬಂದ ದಿನ ಹಾಡು, ಆಟ, ಕೆತ್ತನೆಗಳ ಮಾರಾಟ ನಡೆಯುತ್ತದೆ. ವರಮಾನ ಹಿತವಾದದ್ದೇ. ಆದರೆ ಊಟ, ನಿದ್ದೆ ಎಲ್ಲ ಹಡಗಿನಲ್ಲಿಯೇ ಆಗುವುದರಿಂದ ಊರಿಗೆ ಉಳಿಯುವುದು ಕಡಿಮೆ. ಜೊತೆಗೆ, ಸೀಲ್ ಚರ್ಮ ಅಥವಾ ನಾರ್‌ವಾಲ್ ದಂತದ ವಸ್ತುಗಳನ್ನು ಅಮೆರಿಕದಂಥ ದೇಶಗಳಿಗೆ ಒಯ್ಯುವಂತಿಲ್ಲ. ಬೇಟೆಯನ್ನು ಆಧರಿಸಿದ ಕುಶಲಕರ್ಮಿಗೆ ಗಿರಾಕಿ ಎದುರಿಗಿದ್ದೂ ವ್ಯಾಪಾರವಿಲ್ಲ. ಸುಮಾರು 1,700 ಜನರನ್ನು ಹೊತ್ತ ವಿಲಾಸಿ ಹಡಗು 'ಕ್ರಿಸ್ಟಲ್ ಸೆರೆನಿಟಿ' 2016ರಲ್ಲಿ ಅಲಾಸ್ಕಾದಿಂದ ನ್ಯೂಯಾರ್ಕಿಗೆ ವಾಯವ್ಯ ಮಾರ್ಗದಿಂದ ಹೋದಾಗ, ಸುಮಾರು 400 ಜನರ ಉಲುಕ್‌ಹಾಕ್ಟಾಕ್ ಊರಿಗೆ ಪ್ರಯಾಣಿಕರನ್ನು ತಂಡ ತಂಡವಾಗಿ ಬಿಡಬೇಕಾಯಿತು. ಬೆಂಗಾವಲಿಗೆ 'ಅರ್ನೆಸ್ಟ್ ಶ್ಯಾಕಲ್ಟನ್' ಎಂಬ ಹಿಮಬಲದ ಹಡಗನ್ನೂ ಕರೆದೊಯ್ದಿದ್ದರು. ಯಾನ ನಿರ್ವಿಘ್ನವಾಗಿ ಮುಗಿಯಿತು.

ಎಲ್ಲ ಯಾನಗಳೂ ಹಾಗೆ ಮುಗಿದಿಲ್ಲ. 1989ರ ಜೂನ್‌ನಲ್ಲಿ ಸೋವಿಯತ್ ಹಡಗು 'ಮಕ್ಸಿಮ್ ಗೋರ್ಕಿ' ಸ್ವಾಲ್ಬಾರ್ಡಿನ ಸಮೀಪ ಮಂಜುಗಡ್ಡೆಗೆ ಬಡಿದು ನೀರು ತುಂಬಿಕೊಂಡಿತು. ಸುಮಾರು 950 ಜನರಲ್ಲಿ ಹಲವರು ಜೀವರಕ್ಷಕ ದೋಣಿಗಳಿಗೂ ತೇಲುವ ಮಂಜುಗಡ್ಡೆಯ ಮೇಲಕ್ಕೂ ಇಳಿದರು. ನಾರ್ವೆಯ ಕರಾವಳಿ ರಕ್ಷಣಾ ಹಡಗು 'ಸೆನ್ಯಾ' ಕೆಲವೇ ಗಂಟೆಗಳಲ್ಲಿ ತಲುಪಿದ್ದು, ಕಡಲು ಶಾಂತವಾಗಿದ್ದದ್ದು ಅದೃಷ್ಟ. 2007ರಲ್ಲಿ ಸ್ವಾಲ್ಬಾರ್ಡಿನ ಹಾರ್ನ್‌ಸುಂಡ್ ಪ್ರದೇಶದಲ್ಲಿ ಹಿಮನದಿಯ ಗೋಡೆಗೆ ತೀರ ಹತ್ತಿರ ನಿಂತ 'ಅಲೆಕ್ಸೇ ಮರಿಶೆವ್' ಹಡಗಿನ ಮೇಲೆ ಹಿಮದ ತುಂಡುಗಳು ಉರುಳಿ ಹದಿನೈದಕ್ಕೂ ಹೆಚ್ಚು ಜನ ಗಾಯಗೊಂಡರು. 2010ರ ಆಗಸ್ಟ್‌ನಲ್ಲಿ 'ಕ್ಲಿಪರ್ ಅಡ್ವೆಂಚರರ್' ಕೆನಡಾದ ಕಾರೊನೇಶನ್ ಕೊಲ್ಲಿಯಲ್ಲಿ ನೀರಡಿಯ ಬಂಡೆಯ ಮೇಲೆ ಕುಳಿತುಬಿಟ್ಟಿತು. ಬಂಡೆ ಮೊದಲೇ ಪತ್ತೆಯಾಗಿತ್ತು, ನಾವಿಕರಿಗೆ ಎಚ್ಚರಿಕೆಯೂ ಹೊರಟಿತ್ತು. ಹಡಗಿನ ನಕ್ಷೆಯಲ್ಲಿ ಅದು ಸೇರಿರಲಿಲ್ಲ. 2018ರಲ್ಲಿ 'ಅಕಾಡೆಮಿಕ್ ಇಯೊಫೆ' ಕೆನಡಾದ ಕುಗಾರುಕ್ ಬಳಿ ನೆಲ ಕಚ್ಚಿದಾಗ ಪ್ರಯಾಣಿಕರನ್ನು ಎತ್ತಿಕೊಂಡದ್ದು ಆ ಕಡಲಿನಲ್ಲಿಯೇ ಇದ್ದ ಅದರ ಜೊತೆಹಡಗು. 2023ರ ಸೆಪ್ಟೆಂಬರಿನಲ್ಲಿ 'ಓಷನ್ ಎಕ್ಸ್‌ಪ್ಲೋರರ್' 206 ಜನರೊಂದಿಗೆ ಈಶಾನ್ಯ ಗ್ರೀನ್‌ಲ್ಯಾಂಡಿನ ಆಲ್ಪೆಫಿಯೋರ್ಡಿನಲ್ಲಿ ಸಿಕ್ಕಿ ಮೂರು ದಿನ ನಿಂತಿತು. ಗ್ರೀನ್‌ಲ್ಯಾಂಡಿನ ಸಂಶೋಧನಾ ಹಡಗು 'ತರಾಯೊಕ್' ಉಬ್ಬರದ ಹೊತ್ತಿಗೆ ಅದನ್ನು ಎಳೆದು ಬಿಡಿಸಿತು. ಈ ಘಟನೆಗಳಲ್ಲಿ ಪ್ರಾಣಹಾನಿಯಾಗಲಿಲ್ಲ. ನೆರವು ಬಂದದ್ದಾದರೂ ಬಹುಪಾಲು ಹತ್ತಿರವಿದ್ದ ಮತ್ತೊಂದು ಹಡಗಿನಿಂದ. ಹತ್ತಿರ ಹಡಗಿಲ್ಲದೆ ಹೋಗಿದ್ದರೆ, ಬಿರುಗಾಳಿ ಬೀಸಿದ್ದರೆ ಫಲಿತಾಂಶ ಬೇರೆಯಾಗಬಹುದಿತ್ತು. ಆರ್ಕ್ಟಿಕ್ ಮಂಡಳಿಯ ಎಂಟು ದೇಶಗಳು 2011ರಲ್ಲಿ ಗ್ರೀನ್‌ಲ್ಯಾಂಡಿನ ನೂಕ್‌ನಲ್ಲಿ ಶೋಧ ಮತ್ತು ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಿ ಕ್ಷೇತ್ರಗಳನ್ನು ಹಂಚಿಕೊಂಡಿವೆ. ಹಂಚಿಕೆಯಿಂದ ಹೆಲಿಕಾಪ್ಟರುಗಳ ಸಂಖ್ಯೆ ಹೆಚ್ಚುವುದಿಲ್ಲ.

ನಿಯಮಗಳಲ್ಲಿ ಮುಖ್ಯವಾದದ್ದು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಧ್ರುವ ಸಂಹಿತೆ. 2017ರ ಜನವರಿ 1ರಿಂದ ಜಾರಿಯಲ್ಲಿದೆ. ಹಡಗಿನ ರಚನೆ, ಸಿಬ್ಬಂದಿಯ ತರಬೇತಿ, ತ್ಯಾಜ್ಯ ಎಲ್ಲಕ್ಕೂ ಅದು ಕಟ್ಟಳೆ ಹಾಕಿದ್ದು, ಹಡಗು ಬಿಟ್ಟಿಳಿದವರು ಕನಿಷ್ಠ ಐದು ದಿನ ಬದುಕುಳಿಯಲು ಬೇಕಾದ ಸಾಧನ ಇರಬೇಕೆನ್ನುತ್ತದೆ. ಸೋರಿದರೆ ತಣ್ಣೀರಿನಲ್ಲಿ ಕರಗದೆ ಉಳಿಯುವ, ಉರಿದಾಗ ಮಸಿಯನ್ನು ಹಿಮದ ಮೇಲೆ ಹರಡುವ ಭಾರ ಇಂಧನ ತೈಲವನ್ನು ಸ್ವಾಲ್ಬಾರ್ಡಿನ ಸುತ್ತ 2022ರಿಂದಲೇ ನಿಷೇಧಿಸಲಾಗಿದೆ. ಇಡೀ ಆರ್ಕ್ಟಿಕ್‌ಗೆ ಅನ್ವಯಿಸುವ ನಿಷೇಧ 2024ರ ಜುಲೈನಿಂದ ಬಂದಿದ್ದರೂ 2029ರವರೆಗೆ ಹಲವು ವಿನಾಯಿತಿಗಳಿವೆ. ಸಂಸ್ಥೆಗಳು ತಾವೇ 2003ರಲ್ಲಿ ಕಟ್ಟಿಕೊಂಡ ಒಕ್ಕೂಟ ಏಇಸಿಒ ತೀರಗಳಿಗೆ, ಪ್ರಾಣಿಗಳಿಗೆ, ಊರುಗಳಿಗೆ ಪ್ರತ್ಯೇಕ ನಡವಳಿಕೆಯ ಸೂತ್ರಗಳನ್ನು ರೂಪಿಸಿದೆ. ನಾರ್ವೆ ಇನ್ನೂ ಮುಂದೆ ಹೋಗಿ 2025ರ ಜನವರಿ 1ರಿಂದ ಸ್ವಾಲ್ಬಾರ್ಡಿನ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗುಗಳನ್ನು ಬಿಡುತ್ತಿಲ್ಲ. ಅಲ್ಲಿ ಇಳಿಯಬಹುದಾದ ಜಾಗಗಳು 43 ಮಾತ್ರ. ಹಿಮಕರಡಿಯಿಂದ 300 ಮೀಟರ್, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್ ದೂರ ಕಾಯಬೇಕು. ಇಷ್ಟು ದೂರದಿಂದ ಚಿತ್ರ ತೆಗೆಯಲಾಗದೆಂದು ಸಂಸ್ಥೆಗಳು ಆಕ್ಷೇಪಿಸಿದವು. ಕರಡಿಯ ದೃಷ್ಟಿಯಿಂದ ನೋಡಿದರೆ ನಿಯಮ ಬಿಗಿಯೇನಲ್ಲ: ಸೀಲ್ ಬೇಟೆಗೆ ಹೊಂಚುಹಾಕಿ ಕುಳಿತ ಪ್ರಾಣಿ ಒಮ್ಮೆ ಎದ್ದು ಓಡಿದರೆ ಆ ದಿನದ ಊಟ ಹೋದಂತೆ.

ಭಾರತಕ್ಕೆ ಈ ಕಡಲುಗಳೊಂದಿಗೆ ನೇರ ಸಂಬಂಧವಿದೆ. 1920ರ ಸ್ವಾಲ್ಬಾರ್ಡ್ ಒಪ್ಪಂದದ ಮೂಲ ಸದಸ್ಯರಲ್ಲಿ ಬ್ರಿಟಿಷ್ ಆಳ್ವಿಕೆಯ ಭಾರತವೂ ಸೇರಿತ್ತು. 2013ರಿಂದ ಭಾರತ ಆರ್ಕ್ಟಿಕ್ ಮಂಡಳಿಯ ವೀಕ್ಷಕ ದೇಶ. ಸ್ವಾಲ್ಬಾರ್ಡಿನಲ್ಲಿ ಸುಮಾರು 79 ಡಿಗ್ರಿ ಅಕ್ಷಾಂಶದ ನೀ-ಒಲೆಸುಂಡ್‌ನಲ್ಲಿ 2008ರಲ್ಲಿ ತೆರೆದ 'ಹಿಮಾದ್ರಿ' ಸಂಶೋಧನಾ ಕೇಂದ್ರವನ್ನು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ನಡೆಸುತ್ತದೆ. 2023ರ ಡಿಸೆಂಬರಿನಲ್ಲಿ ಅಲ್ಲಿಗೆ ಹೋದ ಭಾರತದ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಖಗೋಳ ವೀಕ್ಷಣೆಗೆ ಆ ಜಾಗದ ರೇಡಿಯೊ ಮೌನ ಎಷ್ಟು ಒದಗೀತೆಂದು ಪರೀಕ್ಷಿಸುವುದು ಅವರ ಕೆಲಸ. ಈ ರೇಡಿಯೊ ಮೌನ ಕೆಡದಿರಲೆಂದು ನೀ-ಒಲೆಸುಂಡ್‌ಗೆ ಬರುವ ಹಡಗುಗಳ ಪ್ರಯಾಣಿಕರು ಮೊಬೈಲಿನ ವೈಫೈ, ಬ್ಲೂಟೂತ್‌ಗಳನ್ನು ಆರಿಸಬೇಕಾಗುತ್ತದೆ. ಅಮುಂಡ್‌ಸೆನ್, ನೊಬಿಲೆ, ಎಲ್ಸ್‌ವರ್ತ್ 1926ರಲ್ಲಿ 'ನೋರ್ಗೆ' ವಾಯುನೌಕೆಯಲ್ಲಿ ಧ್ರುವದ ಮೇಲೆ ಹಾರಿಹೋಗಲು ಅದನ್ನು ಕಟ್ಟಿದ್ದ ಕಬ್ಬಿಣದ ಕಂಬ ಆ ಊರಿನಂಚಿನಲ್ಲಿ ಇಂದಿಗೂ ನಿಂತಿದೆ. ಒಪ್ಪಂದದ ಪ್ರಕಾರ ಸ್ವಾಲ್ಬಾರ್ಡಿಗೆ ವೀಸಾ ಬೇಡ. ಆದರೆ ಹಾದಿ ನಾರ್ವೆಯ ಮುಖ್ಯಭೂಮಿಯಿಂದ ಹಾಯುವುದರಿಂದ, ಹೊರಟು ಮರಳಿ ಬರಲು ಭಾರತೀಯರಿಗೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶ ನೀಡುವ ಷೆಂಗೆನ್ ವೀಸಾ ಬೇಕಾಗುತ್ತದೆ. ಗ್ರೀನ್‌ಲ್ಯಾಂಡ್ ಷೆಂಗೆನ್ ವಲಯದ ಹೊರಗಿರುವ ಕಾರಣ ಅಲ್ಲಿಗೆ ಡೆನ್ಮಾರ್ಕಿನಿಂದ ಪ್ರತ್ಯೇಕ ಅನುಮತಿ ಪಡೆಯಬೇಕು.